ಮೂರನೇ ಹಾಡಿನ ಟಪ್

ಮಂಗಳವಾರ, ನವೆಂಬರ್ 18

ನಮ್ಮ ಆಲ್ಬಮ್ಮಿನ ಮೂರನೇ ಹಾಡಿಗೆ ಅಕ್ಕಿ ಮಿಲ್ಲಿನ ಸದ್ದೇ ತಾಳ. ಮೊನ್ನೆ ರೆಕಾರ್ಡ್ ಮಾಡುವಾಗ ನಡುನಡುವ ಒಂದು 'ಟಪ್' ಸಿಕ್ತು. ನಾನೂ, ಸಿಂಥ್ ನುಡಿಸೋ ದಾನಿಷೂ ಕುಣಿದಾಡಿದ್ವಿ.

ಇವತ್ತು ಹಳೇ ಮಿಲ್ ಫಿಟ್ಟರ್ ಬಾಬುಸಾಬರಿಗೆ ಕೇಳಿಸಿದ್ವಿ. ಹೆಡ್‌ಫೋನ್ ಕಿತ್ತಿಟ್ಟು, "ಬೇಟಿ, ಇದು ತಾಳ ಅಲ್ಲ. ಮಿಷನ್ ತಿರುಗಿಸೋ ಬೆಲ್ಟಿನ ಜೋಡಣೆ ಬಿಚ್ಚಾಕತ್ತೈತಿ. ಹರಿದು ಬಡಿದ್ರ ಮನುಷ್ಯ ಉಳಿಯಂಗಿಲ್ಲ. ಯಾವ ಮಿಲ್ಲು?" ಅಂದ್ರು.

ನಾಳೆ ಮಧ್ಯಾಹ್ನ ಇನ್ನೊಮ್ಮೆ ರೆಕಾರ್ಡಿಂಗ್ ಐತಿ. ಬೆಲ್ಟ್ ಬದಲಿಸಿದ್ರ ಆ ಸದ್ದೇ ಹೋಗ್ತೈತಿ. "ಮಸ್ಕಿ ಊರಿನ ಕಡೀದು" ಅಂತ ಸುಳ್ಳು ಹೇಳಿಬಿಟ್ಟೆ. ದಾನಿಷ್ ನನ್ನ ಮುಖ ನೋಡಿ, ಹೆಡ್‌ಫೋನ್ ಸುತ್ತಿಟ್ಟ.

ಅವ್ವ ಆ ಬೆಲ್ಟಿನ ಬಗಲಾಗೇ ನುಚ್ಚು ಗುಡಿಸ್ತಾಳ. ಮುಂಜಾನೆ ಆರಕ್ಕ ಪಾಳಿ. ಬುತ್ತಿ ಕಟ್ಟಿಟ್ಟು ಮಲಗ್ಯಾಳ. ಈಗಲೇ ಎಬ್ಬಿಸಿ ಹೇಳಬೇಕು. ಆದ್ರ ಕುರ್ಚಿ ಬಿಟ್ಟು ಎದ್ದಿಲ್ಲ ನಾನು. ಬೆರಳು ಮೇಜಿನ ಮ್ಯಾಲ ಅದೇ ಟಪ್ ಬಡಿಯಾಕತ್ತೈತಿ.