ವೇಜಿಯ ಪ್ರಬಂಧದಲ್ಲಿ ನಾನಿರಲಿಲ್ಲ

ಜೊಂಬಾ,
೧೪ ನವೆಂಬರ್ ೧೯೯೭

ಪ್ರೀತಿಯ ತಮಂದಾ ಅಕ್ಕನಿಗೆ,

ನೀನೂ ಭಾವನೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಎರಡು ತಿಂಗಳಿಂದ ನಿನಗೆ ಒಂದು ಸಾಲೂ ಬರೆದಿಲ್ಲ, ಬೈದುಬಿಡು. ನಮ್ಮ ಶಿಕ್ಷಕರ ತರಬೇತಿ ಕಾಲೇಜಿನ ಪಕ್ಕದ ಶಾಲೆಯಲ್ಲಿ ನಮಗೆ ಪಾಠ ಹೇಳುವ ಅಭ್ಯಾಸ ಶುರುವಾಗಿದೆ. ಮೂರನೇ ತರಗತಿಯ ಎಂಬತ್ತು ಮಕ್ಕಳು ನನ್ನ ಪಾಲಿಗೆ ಬಂದಿದ್ದಾರೆ. ಮೊದಲ ಮಳೆ ಬಿದ್ದು ಬೆಟ್ಟದ ಮೇಲೆ ಮೋಡ ಕೂತಿದೆ. ಇಲ್ಲಿಯ ನ್ಸಿಮಾ ಮುದ್ದೆ ಹೋದ ವರ್ಷದಷ್ಟೇ ಗಟ್ಟಿ, ಬೀನ್ಸು ಅದಕ್ಕಿಂತ ಗಟ್ಟಿ.

ನನ್ನ ಕೋಣೆಯ ವೇಜಿ ನೆನಪಿದ್ದಾಳಲ್ಲ, ಈಸ್ಟರ್‌ಗೆ ನಮ್ಮ ಮನೆಗೆ ಬಂದು ಅಮ್ಮನ ಜೊತೆ ಕಡಲೆಕಾಯಿ ಕುಟ್ಟಿದವಳು? ನನ್ನ ಶನಿವಾರಗಳೆಲ್ಲ ಅವಳವೇ ಆಗಿದ್ದವು. ಇಬ್ಬರೂ ಮಾರುಕಟ್ಟೆಗೆ ಹೋಗಿ ಹಳೆಬಟ್ಟೆಯ ರಾಶಿಯೊಳಗೆ ಮೊಣಕೈವರೆಗೂ ಕೈಹಾಕಿ ಹುಡುಕುತ್ತಿದ್ದೆವು. ಬರುವಾಗ ಎಣ್ಣೆಯಲ್ಲಿ ಕರಿದ ಬಿಸಿ ಮಂದಾಸಿ ಕೊಂಡು ತಿಂದು, ಬೆರಳಿಗಂಟಿದ ಎಣ್ಣೆಯನ್ನು ಒಬ್ಬರ ಕಾಲಿಗೆ ಒಬ್ಬರು ಒರೆಸುತ್ತಿದ್ದೆವು. ಆಮೇಲೆ ಮೆಟ್ಟಿಲ ಮೇಲೆ ಕೂತು ನಾನು ಅವಳಿಗೆ ಜಡೆ ಹೆಣೆಯುತ್ತಿದ್ದೆ. ಇಷ್ಟು ಸಿಕ್ಕರೆ ನನಗೆ ಸಾಕಾಗಿತ್ತು.

ಸೆಪ್ಟೆಂಬರಿನಲ್ಲಿ ಚಿಕ್ವಾವಾ ಕಡೆಯ ಎಸ್ತೇರೆ ಬಂದಳು. ಉದ್ದನೆಯ ಕೈಕಾಲು. ಅವಳು ನಕ್ಕರೆ ಊಟದ ಮನೆಯೇ ತಿರುಗಿ ನೋಡುತ್ತದೆ. ನಮ್ಮ ಕೋಣೆಯ ಖಾಲಿ ಮಂಚ ಅವಳಿಗೆ ಸಿಕ್ಕಿತು. ಮೊದಲ ಶನಿವಾರ ವೇಜಿ, "ಅವಳೂ ಬರ್ಲಿ ಬಿಡೆ, ಪಾಪ, ಇಲ್ಲಿ ಯಾರೂ ಗೊತ್ತಿಲ್ಲ ಅವಳಿಗೆ" ಅಂದಳು. ಮೂರನೇ ಶನಿವಾರ ನನಗೆ ತಲೆನೋವೆಂದೆ. ಅವರಿಬ್ಬರೂ ನಿಲ್ಲಲಿಲ್ಲ, ಹೋದರು.

ಅಕ್ಟೋಬರಿನಲ್ಲಿ ಮುಸುಕ್ವಾ ಮೇಡಂ ನಮಗೆ ಮೆಚ್ಚಿನ ಸಂಗತಿಗಳ ಬಗ್ಗೆ ಪ್ರಬಂಧ ಬರೆಸಿದರು. ನನ್ನ ನಾಲ್ಕು ಪುಟದಲ್ಲಿ ವೇಜಿಯ ಹೆಸರು ಹನ್ನೊಂದು ಸಲ ಇತ್ತು. ಮೇಡಂ ತರಗತಿಗೆ ಓದಿ ಹೇಳಿದ್ದು ವೇಜಿಯದನ್ನು. ಮಳೆ ನಿಂತ ಮೇಲಿನ ತಗಡಿನ ಸದ್ದು, ಇಸ್ತ್ರಿಯ ಬಿಸಿ ಆರದ ಸಮವಸ್ತ್ರ, ಎಲ್ಲ ಚೆನ್ನಾಗಿತ್ತು. ಕೊನೆಗೆ, "ಹುಳಿ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ಗೆಳತಿ ಎಸ್ತೇರೆಯ ಜೊತೆ ತಿನ್ನುವುದು." ಅಕ್ಕಾ, ಉಪ್ಪುಖಾರ ಹಚ್ಚುವುದನ್ನು ವೇಜಿಗೆ ಕಲಿಸಿದ್ದು ನಾನು! ತಮ್ಮ ಉತ್ತರದ ಕಡೆ ಸಕ್ಕರೆ ಹಾಕುತ್ತಾರೆಂದು ಅವಳು ವಾದಿಸಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಉರಿಯುವಷ್ಟು ತಟ್ಟಿದೆ.

ಮರುವಾರ ಮೇಡಂ ನನ್ನನ್ನು ಕರೆದು, "ಎಸ್ತೇರೆಯ ಪಾಠ ಶುಕ್ರವಾರ ಅಲ್ಲ, ಬುಧವಾರವೇ ನೋಡ್ತೀನಿ, ಹೇಳ್ಬಿಡು" ಅಂದರು. ಕೋಣೆಗೆ ಬಂದೆ. ಅವಳು ವೇಜಿಯ ಜಡೆ ಹೆಣೆಯುತ್ತಿದ್ದಳು. ಸೊಟ್ಟಸೊಟ್ಟ ಹೆಣೆದಿದ್ದಳು, ವೇಜಿ ಕನ್ನಡಿ ನೋಡಿ ನಗುತ್ತಿದ್ದಳು. ಬುಧವಾರದ ಸುದ್ದಿಯನ್ನು ನಾನು ತಿಳಿಸಲೇ ಇಲ್ಲ.

ಬುಧವಾರ ಎಸ್ತೇರೆ ಪಟವಿಲ್ಲದೆ, ಟಿಪ್ಪಣಿಯಿಲ್ಲದೆ ಮಕ್ಕಳ ಮುಂದೆ ನಿಂತಳು. ಹೇಳುತ್ತಿದ್ದ ಲೆಕ್ಕ ನಡುವೆಯೇ ತಪ್ಪಿತು. ಮಕ್ಕಳು ನಕ್ಕರು. ಮೇಡಂ ನನ್ನ ಕಡೆ ತಿರುಗಿ, "ನಿನ್ನ ಕೈಲಿ ಹೇಳಿ ಕಳಿಸಿದ್ದೆನಲ್ಲ?" ಅಂದರು. ನಾನು ಬಾಯಿ ಬಿಡುವ ಮೊದಲೇ ಎಸ್ತೇರೆ, "ಹೇಳಿದ್ಲು ಮೇಡಂ. ನಾನೇ ಮರೆತೆ" ಅಂದಳು.

ಸಂಜೆ ನಲ್ಲಿಯ ಹತ್ತಿರ ಕೇಳಿದೆ, "ಯಾಕೆ ಸುಳ್ಳು ಹೇಳ್ದೆ?"

"ನಿಂಗೆ ಮರೆತುಹೋಗಿರುತ್ತೆ ಅಂದ್ಕೊಂಡೆ ಕಣೆ. ನೀನೂ ಯಾಕೆ ಬೈಸ್ಕೋಬೇಕು?"

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ಅವಳನ್ನು ಇನ್ನೂ ಹೆಚ್ಚು ದ್ವೇಷಿಸಿದೆ. ನಗುವುದರಲ್ಲಷ್ಟೇ ಅಲ್ಲ, ಗೆಳತಿಯಾಗುವುದರಲ್ಲೂ ಅವಳೇ ಮುಂದೆ.

ಆದರೂ ಆ ಸುಳ್ಳನ್ನು ಎರಡು ದಿನಕ್ಕಿಂತ ಹೆಚ್ಚು ಹೊರಲಾಗಲಿಲ್ಲ. ಶನಿವಾರ ಮೇಡಂ ಮನೆಗೇ ಹೋಗಿ ಎಲ್ಲ ಒಪ್ಪಿಕೊಂಡೆ. ಎಸ್ತೇರೆಗೆ ಮತ್ತೊಂದು ದಿನ ಕೊಟ್ಟರು. ಅವಳು ಚೆನ್ನಾಗಿಯೇ ಪಾಠ ಮಾಡಿದಳು. ನನಗೆ ಒಂದು ತಿಂಗಳು ಶಾಲೆಯ ಅಂಗಳ ಗುಡಿಸುವ ಶಿಕ್ಷೆ. ಅದು ಸರಿಯೇ.

ಎಸ್ತೇರೆ ಒಂದು ದಿನ ಮುಖ ತಿರುಗಿಸಿ, ಮರುದಿನ "ಪೊರಕೆ ಹಿಡಿಯೋಕೂ ಬರಲ್ವಲ್ಲೆ ನಿಂಗೆ" ಎಂದು ಮಾತಿಗೆ ಬಂದಳು. ಮಾತಿಗೆ ಬರದೆ ಹೋದದ್ದು ವೇಜಿ. ಕಾರಣ ಕೇಳಿದಾಗ ಅವಳು ಮೆಲ್ಲಗೆ ಹೇಳಿದಳು: "ಎರಡು ವರ್ಷದಿಂದ ಯಾರ ಹತ್ರ ನಕ್ಕರೂ ಮೊದಲು ನಿನ್ನ ಮುಖ ನೋಡ್ತೀನಿ ಅಲಿನಾಫೆ, ಸಿಟ್ಟಾಗಿದೀಯೇನೋ ಅಂತ. ನಂಗೆ ಸುಸ್ತಾಗಿದೆ." ಆಮೇಲೆ ಬಟ್ಟೆ ಗಂಟು ಕಟ್ಟಿಕೊಂಡು ಪಕ್ಕದ ಕೋಣೆಗೆ ಹೋದಳು. ಈಗ ನನ್ನ ಕೋಣೆಯಲ್ಲಿರುವುದು ನಾನು ಮತ್ತು ಎಸ್ತೇರೆ. ಎಂಥ ತಮಾಷೆ ನೋಡು. ರಾತ್ರಿ ಅವಳು ಗೊರಕೆ ಹೊಡೆಯುತ್ತಾಳೆ. ಆದರೆ ತನ್ನ ಚಹಾದಲ್ಲಿ ಅರ್ಧ ಕೇಳದೆಯೇ ನನಗೆ ಬಗ್ಗಿಸಿಡುತ್ತಾಳೆ. ಕುಡಿಯುತ್ತೇನೆ.

ಭಾವನಿಗೆ ನಮಸ್ಕಾರ ತಿಳಿಸು. ಸರೋವರದ ಮೇಲಿನ ಗಾಳಿ ಜೋರಿದ್ದ ದಿನ ಅವರನ್ನು ದೋಣಿಗೆ ಕಳಿಸಬೇಡ. ದೇವರು ನಿನ್ನನ್ನು ಸುಖವಾಗಿಡಲಿ, ನಿನ್ನ ಹೊಸ್ತಿಲು ತಂಪಾಗಿರಲಿ.

ನಿನ್ನ ತಂಗಿ,
ಅಲಿನಾಫೆ

ಮರೆತದ್ದು: ಇಲ್ಲ, ಮರೆತಿರಲಿಲ್ಲ. ನೀನು ಬಸುರಿ, ಜನವರಿಗೆ ಹೆರಿಗೆಯೆಂದು ಅಮ್ಮನ ಕಾಗದದಿಂದ ತಿಳಿಯಿತು. ಆಸ್ಪತ್ರೆಯಲ್ಲಿ ನಿನ್ನ ಜೊತೆಗಿದ್ದು ಗಂಜಿ ಕಾಯಿಸಿಕೊಡಲು ಭಾವನ ತಂಗಿಯನ್ನು ಕರೆದಿದ್ದೀಯಂತೆ. ಜನವರಿಯಲ್ಲಿ ನನಗೆ ರಜೆ ಇದೆಯೆಂಬುದು ನಿನಗೆ ಗೊತ್ತಿತ್ತು. ಇಷ್ಟು ಪುಟ ಬರೆದರೂ ಕೇಳಲು ಬಾಯಿ ಬರಲಿಲ್ಲ: ನನ್ನನ್ನೇಕೆ ಕರೆಯಲಿಲ್ಲ ಅಕ್ಕಾ? ನನ್ನ ಮುಖ ನೋಡಿ ನೋಡಿ ನಿನಗೂ ಸುಸ್ತಾಗಿತ್ತೆ? ಆಕೆಯೇ ಇರಲಿ, ಒಳ್ಳೆಯವಳೇ ಇರಬಹುದು. ಆದರೆ ಮಗು ಹುಟ್ಟಿದ ಸುದ್ದಿಯನ್ನು ನೀನೇ ಬರೆ. ಎಷ್ಟು ದಿನ ತಡವಾದರೂ ಕಾಯುತ್ತೇನೆ. ಆಕೆಯ ಕೈಲಿ ಮಾತ್ರ ಬರೆಸಬೇಡ.