ಹೊಳೆಯಾಚೆಯ ತೆರಿಗೆ

ಡೋವರ್, ನ್ಯೂ ಹ್ಯಾಂಪ್‌ಶೈರ್
೨೨ ಏಪ್ರಿಲ್ ೧೯೮೯

ಪ್ರೀತಿಯ ತಂಗಿ ಗ್ವೆನ್,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬಯ್ಯಬೇಡ. ಮಗುವಿನ ಜ್ವರ ಇಳಿಯಿತೇ? ನನ್ನ ಮೈಯಂತೂ ಇನ್ನೂ ಉರಿಯುತ್ತಿದೆ, ಜ್ವರದಿಂದಲ್ಲ.

ನಾನು ಹೊಳೆ ದಾಟಿ ಮೇನ್ ರಾಜ್ಯಕ್ಕೆ, ಹಡಗು ಕಟ್ಟುವಲ್ಲಿಗೆ ವೆಲ್ಡಿಂಗ್ ಕೆಲಸಕ್ಕೆ ಹೋಗುವುದು ನಿನಗೆ ಗೊತ್ತು. ನಮ್ಮ ರಾಜ್ಯ ಸಂಬಳಕ್ಕೆ ತೆರಿಗೆ ಹಾಕುವುದಿಲ್ಲ. ಮೇನ್ ಹಾಕುತ್ತದೆ, ಹೊರಗಿನಿಂದ ಬಂದು ದುಡಿಯುವವರನ್ನೂ ಬಿಡುವುದಿಲ್ಲ. ಅಲ್ಲಿ ದುಡಿದದ್ದಕ್ಕೆ ಅಲ್ಲಿ ಕೊಡೋಣ, ಸರಿ. ಆದರೆ ಈಗ ನನ್ನ ತೆರಿಗೆಯ ದರ ಗೊತ್ತುಮಾಡಲು ನಿನ್ನ ಭಾವನ ಸಂಬಳವನ್ನೂ ಸೇರಿಸಿ ನೋಡುತ್ತಾರೆ, ಮೊತ್ತ ದೊಡ್ಡದಾದರೆ ದರವೂ ಏರುತ್ತದೆ! ಎವರೆಟ್ ಪಾಠ ಹೇಳುವುದು ಇಲ್ಲೇ, ನಮ್ಮೂರ ಶಾಲೆಯಲ್ಲಿ. ಅವರು ಆ ಸೇತುವೆ ದಾಟುವುದು ಲಾಬ್‌ಸ್ಟರ್ ತಿನ್ನುವ ಆಸೆಯಾದಾಗ ಮಾತ್ರ. ಇಷ್ಟಾಗಿ, ಕೇಳೋಣವೆಂದರೆ ಅಲ್ಲಿ ನಮಗೆ ವೋಟೂ ಇಲ್ಲ.

ಕಳೆದ ವಾರ ನಮ್ಮ ಕಾರ್ಮಿಕ ಸಂಘದ ಸಭೆಗೆ ಆಚೆಯ ಶಾಸಕರೊಬ್ಬರು ಬಂದಿದ್ದರು. ನಾನು ಕೂತಲ್ಲಿಂದಲೇ ಇದನ್ನು ಕೇಳಿದ್ದಕ್ಕೆ, "ನಿಮ್ಮ ಯಜಮಾನರ ಸಂಬಳಕ್ಕೆ ನಾವು ಕೈ ಹಾಕಿಲ್ಲಮ್ಮ. ದರ ಗೊತ್ತುಮಾಡೋಕೆ ಲೆಕ್ಕಕ್ಕೆ ತಗೋತೀವಿ, ಅಷ್ಟೆ" ಎಂದರು.

ನಾನು ಎದ್ದು ನಿಂತೆ. "ಕೈ ಹಾಕದೇನೇ ನನ್ನ ಜೇಬು ಹೇಗೆ ಹಗುರ ಆಯ್ತು ಸ್ವಾಮಿ? ಬೆಂಕಿ ಮುಂದೆ ಕೂರೋಳು ನಾನು. ನಮ್ಮನೆಯವರ ಪಾಠಕ್ಕೂ ನನ್ನ ವೆಲ್ಡಿಂಗಿಗೂ ಏನ್ ಸಂಬಂಧ?"

ಜನ ಬೆಂಚು ಕುಟ್ಟಿದರು. ಕ್ರೇನ್ ನಡೆಸುವ ರೋಸ್ಕೊ ಹಿಂದಿನಿಂದ, "ನಮ್ಮತ್ತೆ ಪಿಂಚಣೀನೂ ಸೇರಿಸ್ಕೊಳ್ಳಿ, ಹಾಗೇ ಅವಳನ್ನೂ ಕರ್ಕೊಂಡ್ ಹೋಗಿ!" ಎಂದು ಕೂಗಿದ.

ಶಾಸಕರ ಮುಖ ಕೆಂಪಾಯಿತು. ಸದನದಲ್ಲಿ ಮಾತೆತ್ತುತ್ತಾರಂತೆ. ಯಾರು ನಂಬುತ್ತಾರೆ? ನಾವು ಕೋರ್ಟಿಗೇ ಹೋಗುತ್ತೇವೆ. ಅರ್ಜಿಗೆ ಮೊದಲ ಸಹಿ ನನ್ನದು.

ನಿನ್ನ ಮಕ್ಕಳು ನಗುನಗುತ್ತಾ ಇರಲಿ, ದೊಡ್ಡಮ್ಮ ಹರಸಿದ್ದಾಳೆಂದು ಹೇಳು.

ನಿನ್ನ ಅಕ್ಕ,
ಲೊರೇನ್

ತಾ.ಕ.: ಒಂದು ಮಾತು ನುಂಗಿಕೊಂಡಿದ್ದೆ, ಆಗುತ್ತಿಲ್ಲ. ಶಾಸಕರು ಹೊರಡುವ ಮುಂಚೆ ನನ್ನ ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಎವರೆಟ್‌ನನ್ನು, "ನೀವೇನಂತೀರಿ ಸಾರ್?" ಎಂದು ಕೇಳಿದರು. ಅವನು ನಗುತ್ತಾ ಹೇಳಿದ: "ಕೆಲಸ ಬಿಟ್ಟುಬಿಡು ಅಂತ ನಾನು ಹೇಳ್ತಾನೇ ಇದೀನಿ. ನನ್ನ ಸಂಬಳಾನೇ ಸಾಕು. ಇವಳಿಗೆ ಅದೊಂದು ಹಠ." ಎಲ್ಲರೂ ನಕ್ಕರು, ರೋಸ್ಕೊ ಕೂಡ. ಹಳೆಯ ಶಾಲೆ ಮುಚ್ಚಿ ಅವನು ಎರಡು ವರ್ಷ ಮನೆಯಲ್ಲಿ ಕೂತಾಗ ನಮ್ಮ ಒಲೆ ಉರಿದದ್ದು ಯಾರ ಹಠದಿಂದ, ಗ್ವೆನ್? ಸಭೆಯ ದಿನದಿಂದ ಅವನೊಡನೆ ಮಾತು ಬಿಟ್ಟಿದ್ದೇನೆ. ಆ ತೆರಿಗೆಯವರಿಗಾದರೂ ನಾನು ದುಡಿಯುವವಳು ಎಂಬುದು ಗೊತ್ತು.