ಮೋಟುಬಾಲದ ಮೊಸಳೆ

ನದಿ ದಂಡೆಯ ಮನೆ, ದೇವದುರ್ಗ ತಾಲ್ಲೂಕು
೧೧ ಫೆಬ್ರವರಿ ೨೦೨೫

ನಮ್ಮ ಮನೆಯವರಿಗೆ ನಿಗಾರ್ ಮಾಡುವ ಸಲಾಂ.

ಕೆಮ್ಮು ಕಡಿಮೆಯಾಯಿತೇ? ನಾನು ಕಟ್ಟಿ ಕಳಿಸಿದ ಅಜವಾನದ ಪುಡಿ ಇನ್ನೂ ನಿಮ್ಮ ಚೀಲದಲ್ಲೇ ಇದೆಯೆಂದು, ರಜೆಗೆ ಊರಿಗೆ ಬಂದಿರುವ ನಿಮ್ಮ ಜೊತೆಗಾರ ವಲಿ ಪಾಷಾ ಹೇಳಿದ. ಅದು ನೋಡುವುದಕ್ಕಲ್ಲ, ತಿನ್ನುವುದಕ್ಕೆ. ಇಲ್ಲಿ ನಾವೆಲ್ಲ ಆರಾಮ. ಎಮ್ಮೆಗಳು ಎರಡೂ ಹಾಲು ಕೊಡುತ್ತಿವೆ. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಅಮ್ಮಿ ಸ್ಪೀಕರ್ ಹಾಕಿಸದೆ ಬಿಡುವುದಿಲ್ಲ, ಮಾತು ಇರುವುದು ಅವರ ಬಗ್ಗೆಯೇ. ಅವರಿಗೆ ಕನ್ನಡ ಓದಲು ಬಾರದು, ವಲಿ ಪಾಷಾ ನಾಳೆ ನಿಮ್ಮ ಶಕ್ತಿನಗರಕ್ಕೆ ವಾಪಸು ಹೊರಟಿದ್ದಾನೆ, ಹಾಗಾಗಿ ಅವನ ಕೈಯಲ್ಲಿ ಈ ಕಾಗದ.

ಅಮ್ಮಿ ಮತ್ತೆ ನದಿಗೆ ಇಳಿಯುತ್ತಿದ್ದಾರೆ. ಅಬ್ಬಾ ಅವರನ್ನು ಮೊಸಳೆ ಎಳೆದುಕೊಂಡು ಹೋದ ಮೇಲೆ ಆ ದಾರಿಯನ್ನೇ ಬಿಟ್ಟಿದ್ದವರು, ಎಮ್ಮೆಗೆ ಬೋರಿನ ತೊಟ್ಟಿಯಲ್ಲೇ ನೀರು ಕುಡಿಸುತ್ತಿದ್ದವರು, ಈಗ ದಿನವೂ ಮೊಣಕಾಲು ನೀರಿನಲ್ಲಿ ನಿಂತು ಎಮ್ಮೆಗಳ ಮೈ ತಿಕ್ಕುತ್ತಾರೆ. ಬೇಡ ಎಂದರೆ ನನಗೇ ಗದರುತ್ತಾರೆ. ಅಬ್ಬಾ ಅವರನ್ನು ಒಯ್ದ ಆ ಮೋಟುಬಾಲದ ಮೊಸಳೆಯನ್ನು ಚಿರತೆ ಕೊಂದಿತಲ್ಲ, ಇನ್ನು ಹೆದರಿಕೆ ಯಾತರದು ಎನ್ನುತ್ತಾರೆ.

ಚಿರತೆಯ ಸುದ್ದಿಯನ್ನು ಅಮ್ಮಿ ಫೋನಿನಲ್ಲಿ ಹೇಳಿದ್ದಾರೆ. ಅವರ ಬಾಯಲ್ಲಿ ಚಿರತೆ ಹುಲಿಯಾಗಿರುತ್ತದೆ. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಗುಡ್ಡದ ಕಡೆ ಚಿರತೆ ಇದೆ ಎಂಬ ಮಾತು ಮೊದಲೇ ಇತ್ತು, ಊರ ನಾಯಿಗಳು ಕಾಣೆಯಾಗುತ್ತಿದ್ದವು. ಹೋದ ತಿಂಗಳು ಒಂದು ಬೆಳಿಗ್ಗೆ ಹರಿಗೋಲು ನಡೆಸುವ ಸತ್ತಾರ್ ಸಾಬ್ ಕೂಗಿದರು, ಎಲ್ಲರೂ ಓಡಿದೆವು. ಉಸುಕಿನಲ್ಲಿ ಎಳೆದ ಗುರುತು, ಅದರ ಬದಿಗೆ ಪಂಜದ ಹೆಜ್ಜೆ, ಜಾಲಿ ಪೊದೆಯ ಕೆಳಗೆ ಸತ್ತ ಮೊಸಳೆ. ಕತ್ತಿನ ಹಿಂದೆ ಹಲ್ಲು ನಾಟಿದ್ದವು. ಹಿಂಭಾಗವನ್ನು ಚಿರತೆ ತಿಂದು ಹೋಗಿತ್ತು. ಬಾಲ ಮೋಟಾದ ಮೊಸಳೆ ನಮ್ಮ ನದಿಯಲ್ಲಿ ಒಂದೇ ಇರುವುದರಿಂದ ಅದೇ ಇದು ಎಂದು ಎಲ್ಲರೂ ಖಾತ್ರಿ ಮಾಡಿಕೊಂಡರು. ಇಷ್ಟು ಸಣ್ಣದೇ ಎಂದು ನಾನು ಕೇಳಿದೆ. “ಸತ್ತ ಮ್ಯಾಲ ಎಲ್ಲಾರೂ ಸಣ್ಣಾಗೇ ಕಾಣ್ತಾರ ಬೇಟಿ” ಎಂದರು ಸತ್ತಾರ್ ಸಾಬ್.

ಅಮ್ಮಿ ಬಂದು ನೋಡಿದರು, ಅಳಲಿಲ್ಲ. ಗುಡ್ಡದ ಕಡೆ ತಿರುಗಿ ಸಲಾಂ ಮಾಡಿದರು. ಆಮೇಲೆ ದಂಡೆಯ ಜಾಲಿಗಿಡಕ್ಕೆ ಕಟ್ಟಿದ್ದ ಎಣ್ಣೆ ಡಬ್ಬಿಯನ್ನು ಬಿಚ್ಚಿದರು. ಮೊಸಳೆ ದೂರ ಸರಿಯಲಿ ಎಂದು ನೀರಿಗಿಳಿಯುವವರೆಲ್ಲ ಬಡಿಯುತ್ತಿದ್ದ ಡಬ್ಬಿ ಅದು. “ಇನ್ನ ಯಾರಿಗಂತ ಬಡೀಬೇಕು?” ಎಂದು ಮನೆಗೆ ತಂದು, ಮಣ್ಣು ತುಂಬಿ ಪುದೀನಾ ನೆಟ್ಟರು. ಅವರ ಮುಖ ನೋಡಿ ಯಾರೂ ತಡೆಯಲಿಲ್ಲ. ಪುದೀನಾ ಚೆನ್ನಾಗಿ ಚಿಗುರಿದೆ, ಒಂದು ಸಲ ಚಟ್ನಿಯೂ ಆಯಿತು. ಅಮ್ಮಿ ಈಗ ಹೊಟ್ಟೆ ತುಂಬ ಉಣ್ಣುತ್ತಾರೆ, ನನ್ನ ಅಡುಗೆಗೆ ಹೆಸರಿಡುವಷ್ಟು ಗೆಲುವಾಗಿದ್ದಾರೆ. ನನಗೂ ಖುಷಿಯೇ. ಆದರೂ ಡಬ್ಬಿಯ ಸದ್ದಿಲ್ಲದೆ ಅವರು ನೀರಿಗಿಳಿದರೆ ನನ್ನ ಜೀವ ನಿಲ್ಲುವುದಿಲ್ಲ. ನದಿಯಲ್ಲಿ ಇರುವುದು ಒಂದೇ ಮೊಸಳೆಯೇ? ಬಿಡುವಾದಾಗ ಒಮ್ಮೆ ಬಂದು ಹೇಳಿ ಹೋಗಿ, ಮಗನ ಮಾತನ್ನು ಕೇಳುತ್ತಾರೆ.

ಸತ್ತಾರ್ ಸಾಬ್ ನಿಮಗೆ ಸಲಾಂ ತಿಳಿಸಿದ್ದಾರೆ. ಖುದಾ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ನಿಗಾರ್

ತಾ.ಕ.: ಕಾಗದ ಮಡಿಚುವಾಗ ಸತ್ತಾರ್ ಸಾಬ್ ಓಡಿ ಬಂದರು. ಮೋಟುಬಾಲ ತನ್ನ ಹಳೆಯ ಬಂಡೆಯ ಮೇಲೆ ಮಲಗಿದೆಯಂತೆ. ಚಿರತೆ ಕೊಂದದ್ದು ಬೇರೆ ಮೊಸಳೆ, ಅದಕ್ಕೆ ಬಾಲ ಪೂರ್ತಿ ಇತ್ತು, ಚಿರತೆ ತಿಂದಿತ್ತು ಅಷ್ಟೇ. ಅಮ್ಮಿ ನೀರಿನಲ್ಲಿದ್ದರು. ಪುದೀನಾ ಮಣ್ಣು ಎಲ್ಲ ಸುರಿದು ಡಬ್ಬಿ ಬಡಿಯುತ್ತ ಓಡಿದೆ. ಏನಾಯಿತು ಎಂದರು. ಬಾಯಿಗೆ ಬಂದದ್ದು ಹೇಳಿದೆ, ಚಿರತೆ ಬಂದಿದೆ ಎಂದೆ. ಅಮ್ಮಿ ನಕ್ಕರು. “ಚಿರತಿಗೆ ಯಾಕ ಅಂಜತೀ? ಅದು ನಮ್ಮ ಕಡೀದು” ಎಂದು ಮತ್ತೆ ನೀರಿನ ಕಡೆ ತಿರುಗಿದರು. ಕೈ ಹಿಡಿದು ಎಳೆದುಕೊಂಡು ಬಂದೆ. ಈಗ ಹಿತ್ತಲಲ್ಲಿ ಕೂತು ಪುದೀನಾ ಕಿತ್ತದ್ದಕ್ಕೆ ಬಯ್ಯುತ್ತಿದ್ದಾರೆ. ಅಬ್ಬಾ ಅವರನ್ನು ಒಯ್ದದ್ದು ಇನ್ನೂ ಬದುಕಿದೆ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ, ನೀವೇ ಬಂದು ಹೇಳಬೇಕು. ಓದಿದ ಕೂಡಲೇ ಹೊರಡಿ. ಮತ್ತೆ ತೊಟ್ಟಿಯಲ್ಲಿ ನೀರು ಕುಡಿಸಿದರೆ ಅಮ್ಮಿ ಯಾಕೆಂದು ಕೇಳುತ್ತಾರೆ, ಅಲ್ಲಿಯ ತನಕ ಎಮ್ಮೆಗಳನ್ನು ನದಿಗೆ ನಾನು ಹೊಡೆದುಕೊಂಡು ಹೋಗುತ್ತೇನೆ. ಡಬ್ಬಿ ಜೊತೆಗಿರುತ್ತದೆ.